ಪೊಳಲಿಯ ಬೈಲೂ ಸಾರಜನಕವೂ

ಪೊಳಲಿ ಸೀಮೆಯ ಬೈಲುಗಳಲ್ಲಿ ಏಣೆಲು, ಸುಗ್ಗಿಗಳೆಂಬ ಎರಡು ಭತ್ತದ ಬೆಳೆಗಳಾದ ಮೇಲೆ, ಉಳಿದ ತೇವದಲ್ಲಿ ಉದ್ದು ಹೆಸರುಗಳನ್ನು ಬಿತ್ತುವುದು ಹಳೆಯ ವಾಡಿಕೆ. ಇಂತಹ ಬೆಳೆಗಳ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುವುವೆಂದು ಜರ್ಮನಿಯ ಹೆಲ್‌ರೀಗೆಲ್ ತಿಳಿಸಿದುದು 1886ರಲ್ಲಿ. ನಮ್ಮ ಬೇಸಾಯಗಾರನು ಅದರ ಫಲವನ್ನು ಮುಂದಿನ ಪೈರಿನ ಬಣ್ಣದಲ್ಲಿಯೇ ಕಂಡಿದ್ದಿರಬೇಕು. ಸಾಲದುದನ್ನು ಕುಮ್ಕಿ ಗುಡ್ಡದ ಸೊಪ್ಪು ತುಂಬುತ್ತಿತ್ತು. ಆ ಸೊಪ್ಪನ್ನು ತಲೆಹೊರೆಯಾಗಿ ಇಳಿಸಿದವರು ಒಕ್ಕಲುಗಳು, ಕೂಲಿಯಾಳುಗಳು. ಹಸುರೆಲೆ ಗೊಬ್ಬರವನ್ನು ಹೊಗಳುವಾಗ ನಾವು ಅವರ ಕುತ್ತಿಗೆಯನ್ನು ಮರೆಯುತ್ತೇವೆ.

1976ರಲ್ಲಿ, ಪೊಳಲಿಯ ಬದಿಯಲ್ಲಿ ಹರಿಯುವ ಫಲ್ಗುಣಿಯು ಕಡಲಿನತ್ತ ಸಾಗುವ ದಾರಿಯಲ್ಲಿ, ಪಣಂಬೂರಿನ ಕಾರ್ಖಾನೆಯು ಯೂರಿಯಾ ತಯಾರಿಸತೊಡಗಿತು. ನೂರರಲ್ಲಿ 46 ಪಾಲು ಸಾರಜನಕವುಳ್ಳ ಆ ಬಿಳಿಯ ಹರಳು ಹೊರೆಯನ್ನು ಹಗುರಗೊಳಿಸಿತು, ನಿಜ. ಆದರೆ ಸೊಪ್ಪಿನಂತೆ ಅದು ಮಣ್ಣನ್ನು ಮೆದುವಾಗಿಸದು. ಆಟಿಯ ಮಳೆಗೆ ಅದರ ಒಂದು ಪಾಲು ಗದ್ದೆಯಿಂದ ತೊಳೆದು, ಬಂದ ಹೊಳೆಯ ಹಾದಿಯನ್ನೇ ಹಿಡಿದು ಪಣಂಬೂರಿನ ಕಡೆಗೆ ಇಳಿಯುತ್ತದೆ.