ಕಸಬರಿಗೆ ಯಾರ ಕೈಯಾಗ? ಮನೆ ಸ್ವಚ್ಛತೆಯ ಒಂದು ಸಣ್ಣ ಇತಿಹಾಸ

ಭಾಗ 1/7: ಯಾವ ಮಂಗಳೂರು?

ಮಂಗಳೂರು ಅಂದ ಕೂಡಲೇ ಸಮುದ್ರ, ಮೀನು, ನೀರುದೋಸೆ ನೆನಪಾದ್ವಾ? ಸ್ವಲ್ಪ ತಡೀರಿ. ಇದು ಆ ಮಂಗಳೂರಲ್ಲ. ನಮ್ಮ ಕೊಪ್ಪಳ ಜಿಲ್ಲೆಯ ಮಂಗಳೂರು. ಹಿಂದಿನ ಯಲಬುರ್ಗಾ ತಾಲೂಕು, ಕುಕನೂರಿನ ಕಡೆ. ಇಲ್ಲಿ ಸಮುದ್ರ ಇಲ್ಲ. ಎರೆ ಹೊಲ, ಬಿಸಿಲು, ಧೂಳು ಐತಿ. ಆ ಧೂಳಿನ ಕಥೆನೇ ಈ ಸರಣಿ.

ಕಳೆದ ವಾರ ಒಂದು ಹಳೇ ಮನೆಯ ಫೋಟೋ ಹಾಕಿದ್ದೆ. "ಮಣ್ಣಿನ ಮನೀನ ಇಷ್ಟು ನೀಟಾಗಿ ಹೆಂಗ ಇಟ್ಕೊಂಡಾರ? ಟಿಪ್ಸ್ ಹೇಳು" ಅಂತ ಕ್ಲಾಸಿನವರು ಕೇಳಿದ್ರಿ. ಹೇಳ್ತೀನಿ. ಆದರೆ ಪ್ರತಿ ಟಿಪ್ ಹಿಂದೆ ಒಂದು ಇತಿಹಾಸ ಐತಿ, ಅದನ್ನೂ ಓದಬೇಕು. ಕೊನೆಗೆ ಒಂದು ಪ್ರಶ್ನೆ ಕೇಳ್ತೀನಿ. ಉತ್ತರ ನಿಮ್ಮ ಮನೆಯೊಳಗೇ ಸಿಗುತ್ತೆ.

ಎರಡು ಮಂಗಳೂರುಗಳ ವ್ಯತ್ಯಾಸ ಚಾವಣಿಯಿಂದ ಶುರು. ಕರಾವಳಿಯಲ್ಲಿ ಮಳೆ ಜಾಸ್ತಿ, ಹಾಗಾಗಿ ಇಳಿಜಾರು ಚಾವಣಿ. 1865ರಲ್ಲಿ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಅಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ 'ಮಂಗಳೂರು ಹಂಚು' ದೇಶದ ತುಂಬ ಹೋಯ್ತು. ನಮ್ಮ ಕಡೆ ಮಳೆ ಕಡಿಮೆ, ಹಾಗಾಗಿ ಮಟ್ಟಸವಾದ ಮಣ್ಣಿನ ಮಾಳಿಗೆ. ಕಂಬ, ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ, ಅದರ ಮೇಲೆ ದಪ್ಪಗೆ ಸವಳು ಮಣ್ಣು. ಬೇಸಿಗೆಯಲ್ಲಿ ಒಳಗೆ ತಂಪು. ಆದರೆ ಜಂತಿ ಸಂದಿಯಿಂದ ಮಣ್ಣು ಉದುರುತ್ತಲೇ ಇರುತ್ತೆ. ಹಂಚಿನ ಮನೆಯವರಿಗೆ ಪಾಚಿಯ ಚಿಂತೆ, ನಮಗೆ ಮಣ್ಣಿನ ಚಿಂತೆ. ಮನೆ ಹೆಂಗೋ ಕಸ ಹಂಗ.

ಮುಂದಿನ ಭಾಗಕ್ಕೆ ಬನ್ನಿ 👉

ಭಾಗ 2/7: ಮೇಲಿಂದ ಕೆಳಗೆ, ಒಳಗಿಂದ ಹೊರಗೆ

ಹಳೇ ಮಾಳಿಗೆ ಮನೆಯೊಳಗೆ ಹೋಗಿ ನೋಡಿ. ಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಅದು ತಗ್ಗಿನಲ್ಲಿ. ಅಲ್ಲಿಂದ ಮೆಟ್ಟಿಲು ಹತ್ತಿದರೆ ಪಡಸಾಲೆ. ಇನ್ನೂ ಒಳಗೆ ಅಡುಗೆಮನೆ, ದೇವರ ಜಗಲಿ. ಅಂದರೆ ಒಳಗೆ ಹೋದಂಗೆಲ್ಲ ಮನೆ ಎತ್ತರ, ಹೊರಗೆ ಬಂದಂಗೆಲ್ಲ ತಗ್ಗು. ಕಸ ಹೊಡೆಯೋದೂ ಅದೇ ಲೆಕ್ಕ. ದೇವರ ಜಗಲಿಯಿಂದ ಶುರು, ದನದ ಜಾಗದಲ್ಲಿ ಮುಗಿತಾಯ. ಎಲ್ಲ ಕಸ, ಸಗಣಿ ಒಂದೇ ಬುಟ್ಟಿಯಲ್ಲಿ ತಿಪ್ಪೆಗೆ. ತಿಪ್ಪೆಯಿಂದ ಗೊಬ್ಬರವಾಗಿ ಹೊಲಕ್ಕೆ. ಪ್ಲಾಸ್ಟಿಕ್ ಇಲ್ಲದ ಕಾಲದಲ್ಲಿ ಇದು ಪೂರ್ತಿ ಚಕ್ರ.

ಇದರಿಂದ ನಮಗೆ ಏನು ಟಿಪ್?

✅ ಮೊದಲು ಜೇಡರ ಬಲೆ, ಫ್ಯಾನು, ಕಪಾಟಿನ ತಲೆ. ಆಮೇಲೆ ಟೇಬಲ್ಲು. ಕಟ್ಟಕಡೆಗೆ ನೆಲ. ನೆಲ ಒರೆಸಿದ ಮೇಲೆ ಫ್ಯಾನ್ ಒರೆಸಿದರೆ ನೆಲ ಇನ್ನೊಮ್ಮೆ ಒರೆಸಬೇಕು.
✅ ಒಳಗಿನ ಮೂಲೆಯಿಂದ ಬಾಗಿಲ ಕಡೆ ಬನ್ನಿ. ಒರೆಸಿದ ಜಾಗ ಮತ್ತೆ ತುಳಿಯೋ ಹಂಗಿಲ್ಲ.

ಇದನ್ನೇ ಅಮೆರಿಕದಲ್ಲಿ ಕ್ರಿಸ್ಟೀನ್ ಫ್ರೆಡರಿಕ್ ಅನ್ನೋ ಲೇಖಕಿ 1912ರ ಹೊತ್ತಿಗೆ ವಿಜ್ಞಾನದ ಹಾಗೆ ಬರೆದಳು. ಕಾರ್ಖಾನೆಯಲ್ಲಿ ಕೆಲಸಗಾರರ ಹೆಜ್ಜೆ ಲೆಕ್ಕ ಹಾಕಿದಂಗೆ ಅಡುಗೆಮನೆಯಲ್ಲೂ ಹಾಕಿ, ಸುಮ್ಮನೆ ಓಡಾಡೋದನ್ನ ಕಡಿಮೆ ಮಾಡಿ ಅಂದಳು. ನಮ್ಮ ಅಜ್ಜಿಯರು ಲೆಕ್ಕ ಬರೆದಿಡಲಿಲ್ಲ, ಅಷ್ಟೇ.

ಭಾಗ 3/7: ಮೊದಲು ನೀರು, ಆಮೇಲೆ ಕಸಬರಿಗೆ

ಬೆಳಗ್ಗೆ ಅಂಗಳಕ್ಕೆ ಸಗಣಿ ನೀರಿನ ಛಳೆ ಹೊಡೆದು ರಂಗೋಲಿ ಹಾಕೋದನ್ನ ನೋಡೀರಿ. ಇದನ್ನ ಬರೀ ಸಂಪ್ರದಾಯ ಅಂತ ಬಿಟ್ಟುಬಿಡ್ತೀವಿ. ಆದರೆ ಒಣ ಧೂಳನ್ನ ಹಾಗೇ ಗುಡಿಸಿದರೆ ಅದು ಎದ್ದು ಮತ್ತೆ ಕೂರುತ್ತೆ. ತೇವ ಇದ್ದರೆ ಏಳೋದಿಲ್ಲ.

ಆಧುನಿಕ ನರ್ಸಿಂಗಿನ ತಾಯಿ ಫ್ಲಾರೆನ್ಸ್ ನೈಟಿಂಗೇಲ್ 1859ರ 'ನೋಟ್ಸ್ ಆನ್ ನರ್ಸಿಂಗ್' ಪುಸ್ತಕದಲ್ಲಿ ಇದನ್ನೇ ಹೇಳ್ತಾಳೆ. ಒಣ ಬಟ್ಟೆಯಿಂದ ಝಾಡಿಸಿದರೆ ಧೂಳು ಹೋಗಲ್ಲ, ಜಾಗ ಬದಲಾಗುತ್ತೆ ಅಷ್ಟೇ, ಒದ್ದೆ ಬಟ್ಟೆಯಿಂದ ಒರೆಸಿ ಅನ್ನೋದು ಆಕೆಯ ವಾದ. ಲಂಡನ್ನಿನ ರೋಗಿಯ ಕೋಣೆಗೂ ನಮ್ಮ ಅಂಗಳಕ್ಕೂ ಒಂದೇ ಸೂತ್ರ.

ಆದರೆ ನಮ್ಮಲ್ಲಿ ನೀರು ಎಲ್ಲಿತ್ತು? 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಆದ ಮೇಲೆ ಗಂಗಾವತಿ ಕಡೆ ಕಾಲುವೆ ಬಂತು, ಭತ್ತ ಬಂತು. ಕುಷ್ಟಗಿ, ಯಲಬುರ್ಗಾದ ಬಹುಪಾಲು ಒಣಭೂಮಿಯಾಗೇ ಉಳೀತು. ಬಾವಿಯಿಂದ ಕೊಡ ಹೊತ್ತು ತಂದ ನೀರನ್ನ ಯಾರೂ ಸುಮ್ಮನೆ ಚೆಲ್ಲಲಿಲ್ಲ. ಕಾಳು ತೊಳೆದ ನೀರು ದನದ ಕಲಗಚ್ಚಿಗೆ, ಬಚ್ಚಲ ನೀರು ಹಿತ್ತಲ ಗಿಡಕ್ಕೆ.

✅ ಒದ್ದೆ ಬಟ್ಟೆ, ಚೆನ್ನಾಗಿ ಹಿಂಡಿದ್ದು. ನೀರು ಸುರಿಯೋದು ಬೇಡ.
✅ ಕೊನೆಯ ಸಲ ಬಟ್ಟೆ ಜಾಲಿಸಿದ ನೀರಲ್ಲಿ ಅಂಗಳ ತೊಳೀರಿ.

ಭಾಗ 4/7: ಹಬ್ಬ ಅಂದ್ರ ಟೈಮ್‌ಟೇಬಲ್

ಎಲ್ಲಾ ಕೆಲಸ ದಿನಾ ಮಾಡಿದರೆ ಯಾರಿಗೂ ಆಗಲ್ಲ. ಹಳಬರು ಅದನ್ನ ಹಂಚಿಟ್ಟಿದ್ದರು. ದಿನಕ್ಕೆ ಕಸ, ಪಾತ್ರೆ. ವಾರಕ್ಕೊಮ್ಮೆ, ವಾರದ ದಿನ ಅಥವಾ ಅಮಾವಾಸ್ಯೆಯ ಮುಂಚೆ, ನೆಲ ಸಾರಿಸೋದು. ವರ್ಷಕ್ಕೆ ಒಂದೆರಡು ಸಲ ದೊಡ್ಡ ಕೆಲಸ.

ಆ ದೊಡ್ಡ ಕೆಲಸದ ದಿನಗಳನ್ನ ಗಮನಿಸಿ. ಯುಗಾದಿ ಬೇಸಿಗೆಯ ಬಾಯಿಗೆ ಬರುತ್ತೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ ಬಡಿಯಬೇಕು, ಇಲ್ಲಾಂದ್ರೆ ಸೋರುತ್ತೆ. ಮಹಾನವಮಿ ಮಳೆ ಹಿಂದೆ ಸರಿಯೋ ಹೊತ್ತಿಗೆ ಬರುತ್ತೆ. ನಾಲ್ಕು ತಿಂಗಳ ತೇವ ಹೀರಿದ ಕೌದಿ, ಹಾಸಿಗೆ ಎಲ್ಲ ಹಳ್ಳಕ್ಕೆ ಒಯ್ದು ಒಗೆದು, ಬಂಡೆ ಮೇಲೆ ಒಣಗಿಸೋದು ಆಗಲೇ. ಹಳ್ಳದಾಗ ನೀರೂ ಇರುತ್ತೆ, ಮೇಲೆ ಬಿಸಿಲೂ ಇರುತ್ತೆ. ಗೋಡೆಗೆ ಸುಣ್ಣ, ಅಂಚಿಗೆ ಕೆಮ್ಮಣ್ಣು.

ಸುಣ್ಣ ಬರೀ ಬಣ್ಣ ಅಲ್ಲ. ಸುಣ್ಣದ ನೀರು ಬಹಳ ಕ್ಷಾರ, ಅದರಲ್ಲಿ ಸೂಕ್ಷ್ಮಜೀವಿಗಳು ಬದುಕೋದು ಕಷ್ಟ. ಗೋಡೆ ಮೇಲೆ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಮತ್ತೆ ಸುಣ್ಣದಕಲ್ಲೇ ಆಗುತ್ತೆ.

✅ ಮೂರು ಪಟ್ಟಿ ಮಾಡಿ: ದಿನದ್ದು, ವಾರದ್ದು, ವರ್ಷದ್ದು. ದಿನದ ಪಟ್ಟಿ 20 ನಿಮಿಷ ದಾಟಬಾರದು.
✅ ಹಾಸಿಗೆ, ದಿಂಬು, ಪುಸ್ತಕದ ಕಪಾಟು: ಮಳೆ ಮುಗಿದ ಮೇಲೆ ಒಂದು ದಿನ ಬಿಸಿಲಿಗೆ.

ಭಾಗ 5/7: ಬೂದಿ, ಹುಣಸೆಹಣ್ಣು, ಸ್ವಲ್ಪ ಕೆಮಿಸ್ಟ್ರಿ

ಸೈನ್ಸಿನವರಿಗೆ ಇದು ಇಷ್ಟ ಆಗುತ್ತೆ. ತಾಮ್ರದ ಕೊಡಕ್ಕೆ ಹುಣಸೆಹಣ್ಣು ಯಾಕೆ? ಅದರಲ್ಲಿರೋ ಟಾರ್ಟಾರಿಕ್ ಆಮ್ಲ ಕಪ್ಪಾದ ತಾಮ್ರದ ಆಕ್ಸೈಡನ್ನ ಕರಗಿಸುತ್ತೆ. ಜಿಡ್ಡಿನ ಪಾತ್ರೆಗೆ ಬೂದಿ ಯಾಕೆ? ಕಟ್ಟಿಗೆ ಬೂದಿ ಕ್ಷಾರ, ಎಣ್ಣೆ ಜೊತೆ ಸೇರಿ ಸ್ವಲ್ಪ ಸೋಪಿನಂತೆ ಕೆಲಸ ಮಾಡುತ್ತೆ, ಜೊತೆಗೆ ಉಜ್ಜೋಕೂ ಬರುತ್ತೆ. ಅಂಟುವಾಳಕಾಯಿಯಲ್ಲಿ ನೊರೆ ಕೊಡೋ ಸಪೋನಿನ್ ಐತಿ. 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಬಂದವು. ಆಮೇಲೆ ಅಂಟುವಾಳ ಮೂಲೆ ಸೇರಿತು.

ಹಾಗಂತ ಹಳೇದೆಲ್ಲ ಒಳ್ಳೇದು ಅಂತ ನಾನು ಹೇಳ್ತಿಲ್ಲ. ಸಗಣಿಯಲ್ಲಿ ಧನುರ್ವಾಯು ತರೋ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ಗಾಯ ಇದ್ದ ಕೈಯಿಂದ ಮುಟ್ಟಬಾರದು. ಕಟ್ಟಿಗೆ ಒಲೆಯ ಹೊಗೆ ಗೋಡೆ ಅಷ್ಟೇ ಅಲ್ಲ, ಅಡುಗೆ ಮಾಡೋರ ಶ್ವಾಸಕೋಶವನ್ನೂ ಹಾಳು ಮಾಡ್ತಿತ್ತು. 2016ರ ಮೇ 1ರಂದು ಉಜ್ವಲ ಯೋಜನೆ ಶುರುವಾಗಿ ಎಷ್ಟೋ ಬಡ ಮನೆಗಳಿಗೆ ಗ್ಯಾಸ್ ಬಂತು. ಗ್ಯಾಸ್ ಬಂದ ಮನೆಯಲ್ಲಿ ಮಸಿ ತಿಕ್ಕೋ ಕೆಲಸವೇ ಕಡಿಮೆ. ಹೊಲಸು ಆಗದಂಗೆ ನೋಡ್ಕೊಳ್ಳೋದು ತಿಕ್ಕೋದಕ್ಕಿಂತ ಹಗುರ.

✅ ಪಾತ್ರೆ ನೆನೆಯಲು ಬಿಡಿ, ಆಮೇಲೆ ತಿಕ್ಕಿ. ಅರ್ಧ ಕೆಲಸ ನೀರೇ ಮಾಡುತ್ತೆ.
⚠️ ಬ್ಲೀಚ್ ಮತ್ತು ಆಸಿಡ್ ಇರೋ ಟಾಯ್ಲೆಟ್ ಕ್ಲೀನರ್ ಎಂದೂ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತೆ, ಅದು ವಿಷ.

ಭಾಗ 6/7: ಫೋಟೋದಲ್ಲಿ ಕಾಣದ ಕೈಗಳು

ಈ ಭಾಗ ಸ್ಕಿಪ್ ಮಾಡಬೇಡಿ.

12ನೇ ಶತಮಾನದ ಶರಣೆ ಸತ್ಯಕ್ಕ, ಶಿಕಾರಿಪುರ ಕಡೆಯ ಹಿರೇಜಂಬೂರಿನವಳು. ಶರಣರ ಮನೆಯಂಗಳ ಗುಡಿಸೋದು ಆಕೆಯ ಕಾಯಕವಾಗಿತ್ತು ಅಂತ ಪರಂಪರೆ ಹೇಳುತ್ತೆ. ಕಸ ಗುಡಿಸಿದವಳು ವಚನ ಬರೆದಳು, ಎಲ್ಲರ ಸಮ ಕೂತಳು. ಅದು ಆ ಕಾಲದ ದೊಡ್ಡ ಮಾತು. ಆಮೇಲೆ ನಾವು ಆ ಮಾತನ್ನ ಗೋಡೆ ಮೇಲೆ ಬರೆದ್ವಿ, ಬದುಕಿನಲ್ಲಿ ಇಟ್ಟುಕೊಳ್ಳಲಿಲ್ಲ. ಈಚಲ ಗರಿಯ ಕಸಬರಿಗೆ, ಬುಟ್ಟಿ ಹೆಣೆದುಕೊಟ್ಟ ಕೊರಮರು ಊರ ಅಂಚಿನಲ್ಲೇ ಉಳಿದರು. ಪಟ್ಟಣಗಳಲ್ಲಿ ಮನೆ 'ಸ್ವಚ್ಛ' ಇರಲಿ ಅಂತ ಮಲವನ್ನ ಇನ್ನೊಬ್ಬರ ತಲೆ ಮೇಲೆ ಹೊರಿಸಿದ್ವಿ. ಕರ್ನಾಟಕದಲ್ಲಿ ಆ ಪದ್ಧತಿಯನ್ನ 1970ರ ದಶಕದಲ್ಲಿ ನಿಲ್ಲಿಸೋಕೆ ಹೊರಟವರು ಮಂತ್ರಿ ಬಿ. ಬಸವಲಿಂಗಪ್ಪ. ದೇಶದ ಮಟ್ಟದಲ್ಲಿ 1993ರಲ್ಲಿ ಒಂದು ಕಾನೂನು, ಮತ್ತೆ 2013ರಲ್ಲಿ ಇನ್ನೂ ಬಿಗಿಯಾದ ಕಾನೂನು ಬಂತು.

ನಮ್ಮ ಜಿಲ್ಲೆಯದ್ದೇ ಒಂದು ಘಟನೆ. 2016ರಲ್ಲಿ ಗಂಗಾವತಿ ತಾಲೂಕಿನ 16 ವರ್ಷದ ಹುಡುಗಿಯೊಬ್ಬಳು ಮನೆಯಲ್ಲಿ ಶೌಚಾಲಯ ಬೇಕು ಅಂತ ಊಟ ಬಿಟ್ಟು ಕೂತಳು. ಮನೆಯವರ ಹತ್ತಿರ ದುಡ್ಡಿರಲಿಲ್ಲ. ಊರ ಪಂಚಾಯಿತಿ ಅಧ್ಯಕ್ಷರು 18,000 ರೂಪಾಯಿ ಹೊಂದಿಸಿದರು, ಒಂದೇ ವಾರದಲ್ಲಿ ಶೌಚಾಲಯ ಎದ್ದಿತು. ಪ್ರಧಾನಿ ಆ ಆಗಸ್ಟಿನ 'ಮನ್ ಕಿ ಬಾತ್'ನಲ್ಲಿ ಆಕೆಯ ಬಗ್ಗೆ ಮಾತಾಡಿದರು. ಯೋಚನೆ ಮಾಡಿ, ಅಂಗಳ ಥಳಥಳ ಅಂತಿದ್ದರೂ ಮನೆಯ ಹೆಣ್ಣುಮಗಳು ಕತ್ತಲಾಗಲಿ ಅಂತ ಕಾಯಬೇಕಿದ್ದರೆ ಆ ಮನೆಯನ್ನ ಸ್ವಚ್ಛ ಅನ್ನೋದು ಹೆಂಗ?

ಭಾಗ 7/7: ಈಗ ಆ ಪ್ರಶ್ನೆ

ಮೊದಲ ಭಾಗದಲ್ಲಿ ಒಂದು ಪ್ರಶ್ನೆ ಕೇಳ್ತೀನಿ ಅಂದಿದ್ದೆ. ಅದಕ್ಕೆ ಮುಂಚೆ ಒಂದು ಲೆಕ್ಕ.

ಕೇಂದ್ರ ಸರ್ಕಾರ 2019ರಲ್ಲಿ ಜನ ದಿನದ ಸಮಯ ಹೇಗೆ ಕಳೀತಾರೆ ಅಂತ ಸಮೀಕ್ಷೆ ಮಾಡಿಸ್ತು. ಸಂಬಳ ಇಲ್ಲದ ಮನೆಗೆಲಸ ಮಾಡೋ ಹೆಂಗಸರು ಆಗ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಿದ್ರು, ಗಂಡಸರು 97 ನಿಮಿಷ. ಅದೂ ಮಾಡುವವರ ಲೆಕ್ಕ. ಹೆಂಗಸರಲ್ಲಿ ಶೇ. 81 ಮಂದಿ ಮಾಡ್ತಿದ್ರು, ಗಂಡಸರಲ್ಲಿ ಶೇ. 26 ಮಾತ್ರ.

ಮಷೀನ್ ಬಂದ್ರೆ ಸರಿಹೋಗುತ್ತಾ? ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಯಂತ್ರಗಳು ಬಂದಾಗ ಕಟ್ಟಿಗೆ ಒಡೆಯೋದು, ಚಾಪೆ ಬಡಿಯೋದು, ಹೀಗೆ ಗಂಡಸರು ಮತ್ತು ಮಕ್ಕಳು ಮಾಡ್ತಿದ್ದ ಕೆಲಸ ಹೋದವು. ಜೊತೆಗೆ 'ಇನ್ನೂ ಸ್ವಚ್ಛ ಬೇಕು' ಅನ್ನೋ ನಿರೀಕ್ಷೆ ಬೆಳೀತು. ತಾಯಿಯ ಕೆಲಸ ಮಾತ್ರ ಅಷ್ಟೇ ಉಳೀತು.

ನಂದೂ ಒಂದು ಹೇಳಿಬಿಡ್ತೀನಿ. ಮೊದಲ ಫೋಟೋದಲ್ಲಿ ಇರೋ ಅಂಗಳ ನಮ್ಮದೇ. ಬೆಳಗಿನ ಬಿಸಿಲು ಬಿದ್ದಿತ್ತು, ರಂಗೋಲಿ ಹೊಸದು, ನಾಲ್ಕು ಆ್ಯಂಗಲ್‌ನಿಂದ ತೆಗೆದೆ. ಅವ್ವ ಕಸಬರಿಗೆ ಗೋಡೆಗೆ ಆನಿಸಿ ಕೇಳಿದಳು: "ಫೋಟೋ ನೀ ತಗದಿ. ಕಸ ಯಾರು ತಗೀಬೇಕು?" ನಾನು ನಕ್ಕು ಒಳಗೆ ಹೋದೆ. ರಾತ್ರಿ ಈ ಸರಣಿ ಬರೆಯೋಕೆ ಕೂತಾಗ ಅದೇ ಮಾತು ತಲೆಯಾಗ ಸುತ್ತುತಿತ್ತು. ಈಗ ಬೆಳಗಿನ ಅಂಗಳ ನಂದು. ರಂಗೋಲಿ ಇನ್ನೂ ಸರಿಯಾಗಿ ಬರ್ತಿಲ್ಲ.

ಹಾಗಾಗಿ ಕೊನೆಯ ಟಿಪ್ಸ್:

✅ ಭಾಗ 4ರ ಮೂರು ಪಟ್ಟಿಯಲ್ಲಿ ಪ್ರತಿ ಕೆಲಸದ ಮುಂದೆ ಒಂದು ಹೆಸರು ಬರೀರಿ. ಒಂದೇ ಹೆಸರು ಎಲ್ಲ ಕಡೆ ಬಂದರೆ ಪಟ್ಟಿ ತಪ್ಪು.
✅ 'ಸಹಾಯ ಮಾಡ್ತೀನಿ' ಅನ್ನಬೇಡಿ. ಒಂದು ಕೆಲಸ ಪೂರ್ತಿ ನಿಮ್ಮದು ಮಾಡ್ಕೊಳ್ಳಿ, ಹೇಳಿಸಿಕೊಳ್ಳದೆ ಮಾಡಿ.
✅ ವಾರಕ್ಕೊಮ್ಮೆ ಕೆಲಸ ಅದಲು ಬದಲು.

ನಾಲ್ಕು ಜನರ ಮನೆಯಲ್ಲಿ 80 ನಿಮಿಷದ ಕೆಲಸ ಹಂಚಿದರೆ ತಲೆಗೆ 20 ನಿಮಿಷ. ಇದಕ್ಕಿಂತ ಬೇಗ ಮುಗಿಸೋ ಟ್ರಿಕ್ ನನಗೆ ಎಲ್ಲೂ ಸಿಗಲಿಲ್ಲ.

ಈಗ ಪ್ರಶ್ನೆ: ನಿಮ್ಮ ಮನೆಯಲ್ಲಿ ಇವತ್ತು ಬೆಳಗ್ಗೆ ಕಸಬರಿಗೆ ಯಾರ ಕೈಯಾಗಿತ್ತು? ನಾಳೆ ಯಾರ ಕೈಯಾಗ ಇರುತ್ತೆ? ಕಾಮೆಂಟ್‌ನಲ್ಲಿ ಬರೀರಿ. ಸುಳ್ಳು ಬೇಡ, ನಿಮ್ಮವ್ವನೂ ನೋಡ್ತಿರಬಹುದು 🙂

ಸೇವ್ ಮಾಡ್ಕೊಳ್ಳಿ, ಅಣ್ಣ ತಮ್ಮಂದಿರಿಗೆ ತಪ್ಪದೇ ಕಳಿಸಿ.

#ನಮ್ಮಕೊಪ್ಪಳ #ನಮ್ಮಮಂಗಳೂರು #ಮಾಳಿಗೆಮನೆ #ಊರಇತಿಹಾಸ #ಕಸಬರಿಗೆಯಾರಕೈಯಾಗ