ಮೂರು ವಿದ್ಯಾಲಯಗಳ ಕಾವಲಿನಲ್ಲಿ ಒಂದು ಗ್ರಂಥಭಂಡಾರ



ಪ್ರಾಚೀನ ವಿದ್ಯಾಪೀಠವೆಂದೊಡನೆ ಅದರ ಗೋಪುರ, ಅಂಗಳ, ಅಲ್ಲಿ ಓದಿ ಹೆಸರಾದ ಮಹನೀಯರ ಭಾವಚಿತ್ರಗಳು ನಮ್ಮ ಕಣ್ಣೆದುರಿಗೆ ನಿಲ್ಲುತ್ತವೆ. ಆದರೆ ಅಂತಹ ಸಂಸ್ಥೆಯ ನಿಜವಾದ ಆಯುಷ್ಯವನ್ನು ಅರಿಯಬೇಕಾದರೆ ಅದರ ಪೆಟ್ಟಿಗೆಗಳನ್ನು ತೆರೆಯಬೇಕು. ದಾನಪತ್ರಗಳು, ಜಮಾಖರ್ಚಿನ ಸುರುಳಿಗಳು, ತೀರಿಹೋದವರ ಹೆಸರಿನ ಪಟ್ಟಿಗಳು, ಯಾರೋ ಕೊಟ್ಟುಹೋದ ಗ್ರಂಥಗಳು ಅಲ್ಲಿರುತ್ತವೆ. ಅವುಗಳಲ್ಲಿ ಎಷ್ಟು ಉಳಿದವು, ಹೇಗೆ ಉಳಿದವು ಎಂಬುದೇ ಒಂದು ಚರಿತ್ರೆ. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯಕ್ಕೆ ಸೇರಿದ ಕಾರ್ಪಸ್ ಕ್ರಿಸ್ಟಿ ಕಾಲೇಜಿನ ವಿಷಯದಲ್ಲಿ ಈ ಚರಿತ್ರೆ ಬಹು ಸ್ವಾರಸ್ಯವಾಗಿದೆ.

ಕೇಂಬ್ರಿಡ್ಜಿನ ಪದ್ಧತಿಯನ್ನು ಮೊದಲು ಒಂದು ಮಾತಿನಲ್ಲಿ ತಿಳಿಸಬೇಕು. ಅಲ್ಲಿ ಪ್ರತಿಯೊಂದು ಕಾಲೇಜಿಗೂ ತನ್ನದೇ ಆದ ಆಸ್ತಿ, ಬೊಕ್ಕಸ, ಪ್ರಾರ್ಥನಾಮಂದಿರ, ಗ್ರಂಥಾಲಯಗಳುಂಟು. ಗುರುಶಿಷ್ಯರು ಒಂದೇ ಆವರಣದಲ್ಲಿ ವಾಸಿಸಿ, ಒಂದೇ ಪಂಕ್ತಿಯಲ್ಲಿ ಉಣ್ಣುವ ವ್ಯವಸ್ಥೆ ಅದು. ಮಠದ ಪ್ರಸಾದನಿಲಯದಲ್ಲಿದ್ದು ಓದಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇಂತಹ ಕಾಲೇಜುಗಳನ್ನು ಸಾಮಾನ್ಯವಾಗಿ ರಾಜರೋ ರಾಣಿಯರೋ ಧರ್ಮಾಧಿಕಾರಿಗಳೋ ಕಟ್ಟಿಸಿದರು. ಕಾರ್ಪಸ್ ಕ್ರಿಸ್ಟಿ ಮಾತ್ರ ಊರಿನ ನಾಗರಿಕರ ಎರಡು ಶ್ರೇಣಿಗಳು ಕೂಡಿ 1352ರಲ್ಲಿ ಸ್ಥಾಪಿಸಿದುದು. ಅದಕ್ಕೆ ಮೂರು ವರ್ಷ ಮುಂಚೆ, 1349ರಲ್ಲಿ, ಮಹಾಮಾರಿಯು ಆ ಊರಿನ ಮೇಲೆ ಹಾದುಹೋಗಿತ್ತು. ಅಗಲಿದವರ ಆತ್ಮಶಾಂತಿಗಾಗಿ ಪ್ರಾರ್ಥನೆ ನಡೆಸುವುದು ಈ ಶ್ರೇಣಿಗಳ ಮುಖ್ಯ ಕರ್ತವ್ಯವಾಗಿತ್ತು. ಸದಸ್ಯರ ಹೆಸರುಗಳುಳ್ಳ ಅವುಗಳ ಸುರುಳಿಗಳು ಕಾಲೇಜಿನ ದಫ್ತರದಲ್ಲಿ ಉಳಿದುಬಂದು, ಮೇರಿ ಬೇಟ್ಸನ್ ಎಂಬ ವಿದುಷಿಯ ಸಂಪಾದಕತ್ವದಲ್ಲಿ 1903ರಲ್ಲಿ ಅಚ್ಚಾದವು. ಬೇರೆಲ್ಲಿಯೂ ದಾಖಲೆಯಿಲ್ಲದ ಎಷ್ಟೋ ಸಾಮಾನ್ಯರು ಆ ಪುಟಗಳಲ್ಲಿ ಹೆಸರುಳಿಸಿಕೊಂಡಿದ್ದಾರೆ.

ಊರವರೇ ಕಟ್ಟಿದ ಸಂಸ್ಥೆಯನ್ನು ಊರವರೇ ಲೂಟಿಮಾಡಿದರೆಂದರೆ ತಮಗೆ ಆಶ್ಚರ್ಯವಾದೀತು. ನಡೆದದ್ದು ಹಾಗೆಯೇ. 1381ರಲ್ಲಿ ತಲೆಗಂದಾಯದ ಭಾರವನ್ನು ತಾಳಲಾರದೆ ಇಂಗ್ಲೆಂಡಿನ ರೈತರು ದಂಗೆಯೆದ್ದರು. ಜೂನ್ ತಿಂಗಳ ಮಧ್ಯದಲ್ಲಿ ಆ ಕಿಚ್ಚು ಕೇಂಬ್ರಿಡ್ಜಿಗೂ ಹಬ್ಬಿತು. ಅಷ್ಟು ಹೊತ್ತಿಗೆ ಕಾಲೇಜು ಊರಿನಲ್ಲಿ ಅನೇಕ ಮನೆಗಳ ಒಡೆತನ ಪಡೆದಿತ್ತು. ಮನೆಗಳಿಂದ ಮೇಣದಬತ್ತಿಯ ಲೆಕ್ಕದಲ್ಲಿ ಒಂದು ಬಗೆಯ ಕಾಣಿಕೆಯನ್ನು ವಸೂಲುಮಾಡುತ್ತಿದ್ದುದೇ ಜನರ ದ್ವೇಷಕ್ಕೆ ಕಾರಣವೆಂದು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಗುಂಪು ಕಾಲೇಜಿನೊಳಕ್ಕೆ ನುಗ್ಗಿ ಪುಸ್ತಕ, ಪತ್ರ, ಬೆಳ್ಳಿಯ ಸಾಮಾನುಗಳನ್ನು ಹೊತ್ತೊಯ್ದಿತು. ಸೇಂಟ್ ಮೇರಿ ಚರ್ಚಿನಲ್ಲಿದ್ದ ವಿಶ್ವವಿದ್ಯಾಲಯದ ಪೆಟ್ಟಿಗೆಯನ್ನೂ ಒಡೆದರು. ಸಂತೆಯ ಬಯಲಿನಲ್ಲಿ ಬೆಂಕಿ ಹಾಕಿ ಸನದುಗಳನ್ನೂ ಕಡತಗಳನ್ನೂ ಸುಟ್ಟರು. ಮಾರ್ಜರಿ ಸ್ಟಾರ್ ಎಂಬ ಮುದುಕಿಯು ಆ ಬೂದಿಯನ್ನು ಬೊಗಸೆಯಲ್ಲಿ ತುಂಬಿ ಗಾಳಿಗೆ ತೂರುತ್ತ, ಪಂಡಿತರ ವಿದ್ಯೆ ತೊಲಗಲಿ ಎಂದು ಕೂಗಿದಳಂತೆ.

ಗ್ರಂಥವನ್ನು ಪೂಜ್ಯವೆಂದು ಭಾವಿಸುವ ನಮಗೆ ಈ ಸಂಗತಿ ನೋವನ್ನುಂಟುಮಾಡುತ್ತದೆ. ಆದರೂ ಆ ಮುದುಕಿಯನ್ನು ಅವಿವೇಕಿಯೆಂದು ತಳ್ಳಿಹಾಕಲು ಈ ಲೇಖಕನಿಗೆ ಮನಸ್ಸಿಲ್ಲ. ಓದಲು ಬಾರದವರ ಪಾಲಿಗೆ ಆ ಚರ್ಮಪತ್ರಗಳು ಜ್ಞಾನವಾಗಿರಲಿಲ್ಲ. ಬಾಡಿಗೆಯ, ಹಕ್ಕಿನ, ಶಿಕ್ಷೆಯ ಆಧಾರಗಳಾಗಿದ್ದವು. ಪತ್ರ ಸುಟ್ಟರೆ ಋಣವೂ ಸುಟ್ಟಿತೆಂದು ಅವರು ಎಣಿಸಿರಬೇಕು. ಎಣಿಕೆ ತಪ್ಪಾಯಿತು. ದಂಗೆ ಅಡಗಿದ ಮರುವರ್ಷವೇ ರೊಟ್ಟಿ ಮತ್ತು ಸುರೆಯ ತೂಕ, ದರಗಳನ್ನು ಪರೀಕ್ಷಿಸುವ ಅಧಿಕಾರವನ್ನು ಅರಸನು ಊರಿನಿಂದ ಕಿತ್ತು ವಿಶ್ವವಿದ್ಯಾಲಯಕ್ಕೆ ಕೊಟ್ಟನು. ದಾಖಲೆಯ ಪೆಟ್ಟಿಗೆಯೊಂದು ಯಾರ ಪರವಾಗಿ ಇದೆಯೆಂದು ಜನ ತಿಳಿದಿದ್ದಾರೋ, ಅದರ ಮೇಲೆಯೇ ಅದರ ಕ್ಷೇಮವು ನಿಂತಿದೆಯೆಂಬುದು ಈ ಪ್ರಕರಣದಿಂದ ಸ್ಪಷ್ಟವಾಗುತ್ತದೆ.

ಮುಂದಿನ ಆಘಾತ ಬಂದುದು ಕೆಳಗಿನಿಂದಲ್ಲ, ಸಿಂಹಾಸನದಿಂದ. ಎಂಟನೆಯ ಹೆನ್ರಿಯು 1536ರಿಂದ 1540ರವರೆಗೆ ದೇಶದ ಎಂಟುನೂರರಷ್ಟು ಮಠಗಳನ್ನು ಮುಚ್ಚಿಸಿ ಅವುಗಳ ಭೂಮಿಕಾಣಿಗಳನ್ನು ವಶಪಡಿಸಿಕೊಂಡನು. ಸನ್ಯಾಸಿಗಳು ಚದರಿಹೋದರು. ಶತಮಾನಗಳಿಂದ ಅವರು ಕೈಯಾರೆ ಬರೆದಿಟ್ಟಿದ್ದ ಗ್ರಂಥಗಳಿಗೆ ದಿಕ್ಕಿಲ್ಲದಂತಾಯಿತು. ಜಾನ್ ಬೇಲ್ ಎಂಬಾತನು ಸ್ವತಃ ಮಠಗಳ ವಿರೋಧಿ. ಆತನೇ 1549ರಲ್ಲಿ ಈ ದುರವಸ್ಥೆಯನ್ನು ಕಂಡು ಮರುಗಿದ್ದಾನೆ. ಕೊಂಡವರು ಕೆಲವು ಗ್ರಂಥಗಳ ಹಾಳೆಗಳಿಂದ ದೀಪದ ಕಂಬಗಳನ್ನು ಉಜ್ಜಿದರು, ಕೆಲವದರಿಂದ ಪಾದರಕ್ಷೆ ಒರೆಸಿದರು. ಕೆಲವು ಪೊಟ್ಟಣ ಕಟ್ಟಲೆಂದು ಕಿರಾಣಿಯವರಿಗೂ ಸಾಬೂನು ಮಾರುವವರಿಗೂ ಹೋದವು ಎಂದು ಆತ ತಿಳಿಸುತ್ತಾನೆ. ಮಠವೊಂದು ಮುಚ್ಚಿದರೆ ಏನೇನು ಮುಚ್ಚಿಹೋಗುತ್ತದೆಂಬುದಕ್ಕೆ ಇದಕ್ಕಿಂತ ಹೃದಯವಿದ್ರಾವಕ ನಿದರ್ಶನವನ್ನು ನಾನು ಓದಿಲ್ಲ.

ಈ ಅವಶೇಷಗಳನ್ನು ಆಯ್ದು ಕೂಡಿಸಿದವರಲ್ಲಿ ಪ್ರಮುಖನು ಮ್ಯಾಥ್ಯೂ ಪಾರ್ಕರ್. 1504ರಲ್ಲಿ ನಾರಿಚ್ ನಗರದಲ್ಲಿ ಹುಟ್ಟಿದ ಆತನು ಕಾರ್ಪಸ್ ಕ್ರಿಸ್ಟಿಯಲ್ಲಿಯೇ ಓದಿ, 1544ರಲ್ಲಿ ಅದರ ಮುಖ್ಯಸ್ಥನಾದನು. ಬಂದೊಡನೆ ಕಾಲೇಜಿನ ಲೆಕ್ಕಪತ್ರಗಳನ್ನು ಓರಣಗೊಳಿಸಿ ಸ್ವತ್ತುಗಳ ಪಟ್ಟಿ ಮಾಡಿಸಿದನು. ಮೇರಿ ರಾಣಿಯ ಕಾಲದಲ್ಲಿ ಪದವಿ ಕಳೆದುಕೊಂಡು ಮರೆಯಲ್ಲಿದ್ದವನು, ಎಲಿಜಬೆತ್ ಪಟ್ಟವೇರಿದ ಮೇಲೆ, 1559ರಲ್ಲಿ, ಕ್ಯಾಂಟರ್‌ಬರಿಯ ಮಹಾಧರ್ಮಾಧ್ಯಕ್ಷನಾದನು. ಖಾಸಗಿಯವರ ಕೈಸೇರಿದ ಹಳೆಯ ದಾಖಲೆಗಳನ್ನು ತರಿಸಿ ಪರಿಶೀಲಿಸಲು 1568ರಲ್ಲಿ ರಾಣಿಯ ಮಂತ್ರಾಲೋಚನಾ ಸಭೆಯ ಅಪ್ಪಣೆಯೂ ದೊರೆಯಿತು. ಹೀಗೆ ಕೂಡಿಸಿದ ನಾನೂರಕ್ಕೂ ಮೀರಿದ ಹಸ್ತಪ್ರತಿಗಳನ್ನೂ ಅಪಾರವಾದ ಮುದ್ರಿತ ಗ್ರಂಥಗಳನ್ನೂ ತನ್ನ ಕಾಲೇಜಿಗೆ ಒಪ್ಪಿಸಿ 1575ರಲ್ಲಿ ತೀರಿಕೊಂಡನು.

ಆ ಸಂಗ್ರಹದಲ್ಲಿ ಏನೇನಿದೆಯೆಂದು ಹೇಳಹೊರಟರೆ ಈ ಪತ್ರಿಕೆಯ ಪುಟಗಳು ಸಾಲವು. ಎರಡನ್ನು ಮಾತ್ರ ಹೆಸರಿಸುತ್ತೇನೆ. ಆರನೆಯ ಶತಮಾನದಲ್ಲಿ ಇಟಲಿಯಲ್ಲಿ ಬರೆದ ಸುವಾರ್ತಾ ಗ್ರಂಥವೊಂದು ಅಲ್ಲಿದೆ. 597ರಲ್ಲಿ ಇಂಗ್ಲೆಂಡಿಗೆ ಧರ್ಮಪ್ರಚಾರಕ್ಕೆ ಬಂದ ಅಗಸ್ಟೀನನೊಡನೆ ಅದು ಬಂದಿತೆಂಬ ಪ್ರತೀತಿಯಿದೆ. ಅದನ್ನು ಕಾಪಾಡಿದ್ದ ಕ್ಯಾಂಟರ್‌ಬರಿಯ ಮಠ 1538ರಲ್ಲಿ ಮುಚ್ಚಿಹೋಗಿ, ಇಂದು ಬರಿಯ ಹಾಳುಗೋಡೆಯಾಗಿ ನಿಂತಿದೆ. ಗ್ರಂಥ ಮಾತ್ರ ಜೀವಂತವಾಗಿದೆ. 2023ರಲ್ಲಿ ಮೂರನೆಯ ಚಾರ್ಲ್ಸ್ ಅರಸನ ಪಟ್ಟಾಭಿಷೇಕಕ್ಕೂ ಅದನ್ನು ಕೊಂಡೊಯ್ದರು. ಎರಡನೆಯದು ಸೇಂಟ್ ಆಲ್ಬನ್ಸ್ ಮಠದ ಸನ್ಯಾಸಿ ಮ್ಯಾಥ್ಯೂ ಪ್ಯಾರಿಸ್ ಬರೆದ ಬೃಹತ್ ವೃತ್ತಾಂತ. ಫ್ರಾನ್ಸಿನ ಅರಸನು 1255ರಲ್ಲಿ ಇಂಗ್ಲೆಂಡಿನ ಅರಸನಿಗೆ ಉಡುಗೊರೆಯಾಗಿ ಕಳಿಸಿದ ಆನೆಯ ಚಿತ್ರ ಅದರಲ್ಲಿದೆ. ಗಾತ್ರ ತಿಳಿಯಲೆಂದು ಪಕ್ಕದಲ್ಲಿ ಮಾವುತನನ್ನೂ ಬರೆದಿದ್ದಾನೆ. ದಿನವೂ ಆನೆಯನ್ನು ಕಾಣಬಲ್ಲ ನಾಡಿನವರಾದ ನಮಗೆ ಆ ಸನ್ಯಾಸಿಯ ಬೆರಗು ಮುಗುಳುನಗೆ ತರಿಸುತ್ತದೆ.

ಪಾರ್ಕರನ ನಿಜವಾದ ಜಾಣ್ಮೆ ಸಂಗ್ರಹಕ್ಕಿಂತ ಹೆಚ್ಚಾಗಿ ಅವನು ಬರೆಸಿದ ಒಡಂಬಡಿಕೆಯಲ್ಲಿದೆ. ದಾನ ಕೊಟ್ಟವರು ಬೀಗ ಹಾಕಿಸಿ ಹೋಗುತ್ತಾರೆ. ಬೀಗದ ಕೈಯಿರುವವನೇ ಅಲಕ್ಷಿಸಿದರೆ ಗತಿಯೇನು? ಪಾರ್ಕರನು ಗ್ರಂಥಗಳ ಪಟ್ಟಿಯನ್ನು ಮೂರು ಪ್ರತಿ ಮಾಡಿಸಿ, ಒಂದನ್ನು ತನ್ನ ಕಾಲೇಜಿಗೂ ಉಳಿದೆರಡನ್ನು ನೆರೆಯ ಗಾನ್‌ವಿಲ್ ಮತ್ತು ಕೀಸ್ ಕಾಲೇಜಿಗೂ ಟ್ರಿನಿಟಿ ಹಾಲಿಗೂ ಕೊಟ್ಟನು. ಈ ಇಬ್ಬರು ನೆರೆಯವರು ಕಾಲಕಾಲಕ್ಕೆ ಬಂದು ಪಟ್ಟಿ ಹಿಡಿದು ಗ್ರಂಥಗಳನ್ನು ಎಣಿಸಬೇಕು. ಅಜಾಗರೂಕತೆಯಿಂದ ದೊಡ್ಡ ಆಕಾರದ 6, ಮಧ್ಯಮ ಆಕಾರದ 8, ಚಿಕ್ಕ ಆಕಾರದ 12 ಗ್ರಂಥಗಳು ಕಳೆದುಹೋಗಿ, ಅವನ್ನು ಆರು ತಿಂಗಳೊಳಗೆ ಹೊಂದಿಸಿಕೊಡದಿದ್ದರೆ, ಉಳಿದ ಸಮಸ್ತ ಗ್ರಂಥಗಳೂ, ಅವುಗಳ ಜೊತೆಗೆ ಅವನು ಕೊಟ್ಟ ಬೆಳ್ಳಿಯ ಪಾತ್ರೆಗಳೂ ಕೀಸ್ ಕಾಲೇಜಿನ ಪಾಲಾಗಬೇಕು. ಅವರೂ ಕಳೆದರೆ ಟ್ರಿನಿಟಿ ಹಾಲಿಗೆ. ಅವರೂ ತಪ್ಪಿದರೆ ಮತ್ತೆ ಮೊದಲಿನವರಿಗೆ!

ಈ ಷರತ್ತಿನ ಸೂಕ್ಷ್ಮವನ್ನು ತಾವು ಗಮನಿಸಬೇಕು. ಪರೀಕ್ಷಿಸಲು ಬರುವವನಿಗೆ ತಪ್ಪು ಹುಡುಕುವುದರಲ್ಲಿ ಲಾಭವಿದೆ. ಆದ್ದರಿಂದ ಆತ ಕಣ್ಣುಮುಚ್ಚಿ ಸಹಿ ಹಾಕಲಾರ. ಕಾಯುವವನಿಗೆ ಒಂದು ಪುಸ್ತಕ ಹೋದರೆ ಹೋಯಿತೆನ್ನುವ ಉದಾಸೀನ ಸಾಧ್ಯವಿಲ್ಲ. ಸಜ್ಜನರ ಸದ್ಭಾವವೊಂದನ್ನೇ ನೆಚ್ಚಿಕೊಂಡು ಅವನು ಹೋಗಲಿಲ್ಲ. ನಾಲ್ಕೂವರೆ ಶತಮಾನಗಳು ಸಂದಿವೆ. ಗ್ರಂಥಗಳು ಕಾರ್ಪಸ್ ಕ್ರಿಸ್ಟಿಯನ್ನು ಬಿಟ್ಟು ಹೋಗಿಲ್ಲ.

ಈ ಕಟ್ಟಿನ ಹೊರಗೆ ಉಳಿದ ಒಂದು ಗ್ರಂಥದ ಗತಿಯನ್ನೂ ಹೇಳಬೇಕು. ಒಂಬತ್ತನೆಯ ಶತಮಾನದ ಆಲ್ಫ್ರೆಡ್ ಅರಸನ ಚರಿತ್ರೆಯನ್ನು ಅವನ ಸಮಕಾಲೀನನಾದ ಆಸರ್ ಎಂಬ ಧರ್ಮಗುರುವು ಬರೆದಿದ್ದನು. ಅದರ ಪ್ರಾಚೀನ ಹಸ್ತಪ್ರತಿ ಉಳಿದಿದ್ದುದು ಒಂದೇ. ಅದು ಪಾರ್ಕರನ ಕೈಯಲ್ಲಿತ್ತು. 1574ರಲ್ಲಿ ಅವನೇ ಅಚ್ಚುಹಾಕಿಸಿದನು. ಆದರೆ ಹಸ್ತಪ್ರತಿ ಕಾಲೇಜಿಗೆ ಬರದೆ ಕೈಯಿಂದ ಕೈಗೆ ದಾಟಿ ಸರ್ ರಾಬರ್ಟ್ ಕಾಟನ್ನನ ಸಂಗ್ರಹವನ್ನು ಸೇರಿತು. 1731ರ ಅಕ್ಟೋಬರಿನಲ್ಲಿ ಆ ಸಂಗ್ರಹವಿದ್ದ ಲಂಡನ್ನಿನ ಮನೆಗೆ ಬೆಂಕಿ ಬಿದ್ದಾಗ ಬೂದಿಯಾಯಿತು.

ಅಚ್ಚಿನ ಪುಸ್ತಕವಿತ್ತಲ್ಲ ಎಂದು ಸಮಾಧಾನಪಡುವಂತಿಲ್ಲ. ವೈರಿಗಳಿಗೆ ಸೋತು ಅಡಗಿದ್ದ ಆಲ್ಫ್ರೆಡನು ದನಗಾಹಿಯ ಮನೆಯಲ್ಲಿ ಒಲೆಯ ಮುಂದೆ ಕುಳಿತು, ರೊಟ್ಟಿ ಸೀದುದನ್ನು ಗಮನಿಸದೆ, ಮನೆಯೊಡತಿಯಿಂದ ಬೈಸಿಕೊಂಡನೆಂಬ ಕಥೆ ಆ ದೇಶದ ಮಕ್ಕಳಿಗೆಲ್ಲ ಗೊತ್ತು. ಆಸರನು ಅದನ್ನು ಬರೆದಿರಲಿಲ್ಲ. ಪಾರ್ಕರನು ಬೇರೊಂದು ಗ್ರಂಥದಿಂದ ಎತ್ತಿ, ಆಸರನ ಮಾತೆಂಬಂತೆಯೇ ನಡುವೆ ಸೇರಿಸಿದ್ದನು. ಮೂಲ ಸುಟ್ಟುಹೋದ ಮೇಲೆ ಯಾವುದು ಆಸರನದು, ಯಾವುದು ಸೇರಿಕೆಯೆಂದು ಬಿಡಿಸುವುದು ಎಷ್ಟು ಕಷ್ಟ! ಸ್ಟೀವನ್ಸನ್ ಎಂಬ ವಿದ್ವಾಂಸನು 1904ರ ತನ್ನ ಆವೃತ್ತಿಯಲ್ಲಿ ಆ ಕೆಲಸವನ್ನು ಮಾಡಿದನು.

ಕಾಲೇಜಿನಲ್ಲಿರುವ ಗ್ರಂಥಗಳೂ ಅವನ ಕೈಚಳಕದಿಂದ ತಪ್ಪಿಸಿಕೊಂಡಿಲ್ಲ. ಪುಟಗಳಿಗೆ ಕೆಂಪು ಬಣ್ಣದ ಕಡ್ಡಿಯಿಂದ ಸಂಖ್ಯೆ ಬರೆದನು, ಸಾಲುಗಳ ಕೆಳಗೆ ಗೆರೆ ಎಳೆದನು. ಒಂದು ಗ್ರಂಥದ ಹಾಳೆಯನ್ನು ಬಿಚ್ಚಿ ಇನ್ನೊಂದಕ್ಕೆ ಹೊಲಿಸಿದನು, ಬೇಡವೆನಿಸಿದ ಬರಹವನ್ನು ಒರೆಸಿಹಾಕಿಸಿದನು, ಕಳೆದುಹೋದ ಪುಟಗಳನ್ನು ಹಳೆಯ ಅಕ್ಷರದ ಮಾದರಿಯಲ್ಲಿ ಹೊಸದಾಗಿ ಬರೆಸಿದನು. ತನ್ನ ಧರ್ಮಪಕ್ಷದ ಆಚಾರಗಳು ನಾಡಿನ ಪ್ರಾಚೀನ ಸಂಪ್ರದಾಯವೇ ಎಂದು ತೋರಿಸುವ ಉದ್ದೇಶ ಅವನಿಗಿತ್ತು. ಅದಕ್ಕೆ ಬೇಕಾದುದನ್ನು ಅವನ ಕಣ್ಣು ಮೊದಲು ಹುಡುಕುತ್ತಿತ್ತು. ಇತರರು ಕಳೆಯದಂತೆ ಇಷ್ಟು ಬಿಗಿಯಾದ ಕಟ್ಟಳೆ ಮಾಡಿದವನು ತನ್ನ ಕೈಗೆ ಮಾತ್ರ ಕಟ್ಟಳೆ ಹಾಕಿಕೊಳ್ಳಲಿಲ್ಲ. ಹಾಗೆಂದು ಅವನ ಉಪಕಾರವನ್ನು ಅಲ್ಲಗಳೆಯುವುದೂ ಅನ್ಯಾಯ. ಅವನು ಆಯ್ದುಕೊಳ್ಳದಿದ್ದರೆ ಅವುಗಳಲ್ಲಿ ಎಷ್ಟೋ ಗ್ರಂಥಗಳು ಕಿರಾಣಿ ಅಂಗಡಿಯ ಪೊಟ್ಟಣವಾಗುತ್ತಿದ್ದವು.

ಎಂ. ಆರ್. ಜೇಮ್ಸ್ ಎಂಬ ಪಂಡಿತನು ಸಿದ್ಧಪಡಿಸಿದ ವಿವರವಾದ ಸೂಚಿ 1912ರ ವೇಳೆಗೆ ಪ್ರಕಟವಾಯಿತು. ಈಚೆಗೆ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಹಕಾರದಿಂದ ಹಸ್ತಪ್ರತಿಗಳ ಪುಟಪುಟವನ್ನೂ ಛಾಯಾಚಿತ್ರಿಸಿದ್ದು, 2018ರಿಂದ ಯಾರು ಬೇಕಾದರೂ ಶುಲ್ಕವಿಲ್ಲದೆ ಗಣಕಯಂತ್ರದಲ್ಲಿ ನೋಡಬಹುದಾಗಿದೆ. ವಾಚಕರು ತಮ್ಮ ಊರಿನಲ್ಲಿಯೇ ಕುಳಿತು ಮ್ಯಾಥ್ಯೂ ಪ್ಯಾರಿಸನ ಆನೆಯನ್ನು ಕಾಣಬಹುದು. ಗ್ರಂಥಗಳ ಅಂಚಿನಲ್ಲಿ ಪಾರ್ಕರನ ಕೆಂಪು ಗುರುತುಗಳನ್ನೂ ಕಾಣಬಹುದು. ಅವುಗಳನ್ನು ಯಾರೂ ಅಳಿಸಿಲ್ಲ.