ಹರಿಹರದ ಹೊಳೆಯೂ ಸಿವಿಲ್ ದಾವೆಯೂ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬುದು ನಮ್ಮ ಜನರ ಹಳೆಯ ಮಾತು. ಸೋತವನ ಗತಿ ತಿಳಿಯುತ್ತದೆ, ಗೆದ್ದವನು ಸೋಲುವುದೆಂತು? ಈ ಸಂದೇಹಕ್ಕೆ ಹರಿಹರದ ಹೊಳೆಯ ಚರಿತ್ರೆಯೇ ಒಂದು ಉತ್ತರವನ್ನು ಕೊಡಬಲ್ಲುದು. ದಾವೆಯನ್ನು ಎಲ್ಲಿ ಹೂಡಬೇಕು, ಸಮನ್ಸು ಬಂದರೆ ಏನು ಮಾಡಬೇಕು, ಡಿಕ್ರಿಯಾದ ಮೇಲೆ ಹಣವು ಕೈಗೆ ಬರುವುದು ಹೇಗೆ, ಬಡವನಿಗೆ ದಾರಿಯುಂಟೆ ಎಂದು ಸಾಮಾನ್ಯ ಜನರು ಕೇಳುವ ಪ್ರಶ್ನೆಗಳನ್ನು ಈ ಚರಿತ್ರೆಯ ಬೆಳಕಿನಲ್ಲಿ ನಾವು ವಿಚಾರಮಾಡೋಣ.

ಹೈದರಾಲಿಯು ದಾವಣಗೆರೆಯನ್ನು ಅಪ್ಪಾಜಿರಾಮನೆಂಬ ಮರಾಠಾ ಸರದಾರನಿಗೆ ಕೊಟ್ಟನು. ಅವನು ವರ್ತಕರನ್ನು ಕರೆದು ನೆಲೆಗೊಳಿಸಿದುದರಿಂದ ಸಣ್ಣ ಊರು ಪೇಟೆಯಾಯಿತು. ಹರಿಹರವಾದರೋ ಹೊಯ್ಸಳರ ದಂಡನಾಯಕ ಪೋಲಾಳ್ವನು 13ನೆಯ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿಯಿಂದ ಪ್ರಖ್ಯಾತವಾದ ಊರು. ಅಲ್ಲಿ ತುಂಗಭದ್ರೆಗೆ 1868ರಲ್ಲಿ ಸೇತುವೆಯಾಗಿ ಬೆಂಗಳೂರು ಧಾರವಾಡಗಳ ಹೆದ್ದಾರಿ ಒಂದಾಯಿತು. ಹತ್ತಿ, ಧಾನ್ಯ, ಕಂಬಳಿಗಳ ಗಾಡಿಗಳು ಹೊಳೆಯನ್ನು ಸುಲಭವಾಗಿ ದಾಟಿದುವು. ಆದರೆ ನ್ಯಾಯಾಲಯದ ಅಧಿಕಾರವು ಅವುಗಳ ಹಿಂದೆ ದಾಟಲಿಲ್ಲ. ಈಚೆಯ ದಡ ಮೈಸೂರು ಸಂಸ್ಥಾನ. ಆಚೆಯ ದಡ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆ.

ಈಚೆಯ ದಡದಲ್ಲಿ ನ್ಯಾಯಾಲಯಗಳು ಮೆಲ್ಲಮೆಲ್ಲನೆ ಬೆಳೆದುವು. 1831ರಲ್ಲಿ ಆಡಳಿತವು ಕಮಿಷನರ ಕೈಗೆ ಹೋದ ತರುವಾಯ ಕಂದಾಯವನ್ನು ವಸೂಲುಮಾಡುವ ಅಮಲ್ದಾರರೇ ಸಣ್ಣ ವ್ಯಾಜ್ಯಗಳನ್ನೂ ಕೇಳುತ್ತಿದ್ದರು. ಪಂಚಾಯಿತರ ನೆರವೂ ಇತ್ತು. ಮುನಸೀಫರು, ಮೇಲೆ ಹುಜೂರ್ ಅದಾಲತ್ತು, ಹೀಗೆ ಮೆಟ್ಟಿಲುಗಳು ಏರ್ಪಟ್ಟುವು. ರಾಜ್ಯವು 1881ರಲ್ಲಿ ಒಡೆಯರಿಗೆ ಮರಳಿತು. 1884ರಲ್ಲಿ ಮೂವರು ನ್ಯಾಯಾಧೀಶರ ಚೀಫ್ ಕೋರ್ಟು ಸ್ಥಾಪಿತವಾಗಿ, 1930ರಲ್ಲಿ ಹೈಕೋರ್ಟೆಂಬ ಹೆಸರನ್ನು ಪಡೆಯಿತು. ಬ್ರಿಟಿಷ್ ಇಂಡಿಯದ 1908ರ ಸಿವಿಲ್ ಪ್ರೊಸೀಜರ್ ಕೋಡಿನ ಮಾದರಿಯಲ್ಲಿ ಮೈಸೂರು ಸಂಸ್ಥಾನವು 1911ರಲ್ಲಿ ತನ್ನದೇ ಕೋಡನ್ನು ಮಾಡಿಕೊಂಡಿತು.

ಎರಡು ಕೋಡುಗಳೂ ಒಂದೇ ಅಚ್ಚಿನವು. ಆದರೂ ಒಂದು ದಡದ ಕೋರ್ಟು ಇನ್ನೊಂದು ದಡಕ್ಕೆ ಪರದೇಶದ ಕೋರ್ಟು. ಸಂಸ್ಥಾನದ ಡಿಕ್ರಿಯನ್ನು ಬ್ರಿಟಿಷ್ ಇಂಡಿಯದಲ್ಲಿ ಅಮಲಿಗೆ ತರಬೇಕಾದರೆ 44ನೆಯ ಸೆಕ್ಷನ್ನಿನ ಮೇರೆಗೆ ಸರ್ಕಾರದ ಪ್ರಕಟನೆಯಿರಬೇಕಾಗಿತ್ತು. ಇಷ್ಟೇ ಅಲ್ಲ. ಪಂಜಾಬಿನ ಫರೀದಕೋಟೆ ಸಂಸ್ಥಾನದ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲು 1894ರಲ್ಲಿ ಒಂದು ತತ್ತ್ವವನ್ನು ಸ್ಥಿರಪಡಿಸಿತು: ಹಣದ ದಾವೆಯಲ್ಲಿ ಪ್ರತಿವಾದಿಯು ಆ ಸಂಸ್ಥಾನದಲ್ಲಿ ವಾಸವಾಗಿರದೆ, ಅದರ ಕೋರ್ಟಿನ ಅಧಿಕಾರಕ್ಕೆ ಒಪ್ಪಿರದೆ ಇದ್ದರೆ, ಅವನ ಗೈರುಹಾಜರಿಯಲ್ಲಿ ಆದ ಡಿಕ್ರಿಗೆ ಹೊರಗೆ ಯಾವ ಬೆಲೆಯೂ ಇಲ್ಲ. ರಾಣೆಬೆನ್ನೂರಿನ ಕಡೆಯವನಿಗೆ ಸಾಲಕೊಟ್ಟ ದಾವಣಗೆರೆಯ ವರ್ತಕನಿಗೆ ಇದರ ಅರ್ಥವು ಸ್ಪಷ್ಟವಾಗಿತ್ತು. ತನ್ನೂರಿನಲ್ಲಿ ಡಿಕ್ರಿ ಪಡೆದರೂ ಹೊಳೆಯಾಚೆಯ ಹೊಲಮನೆಗಳಿಗೆ ಅದು ತಾಗದೆ ಹೋಗಬಹುದು. ಗೆದ್ದವನು ಸೋಲುವುದು ಹೀಗೆ.

1951ರ ಏಪ್ರಿಲ್ 1ರಿಂದ 1908ರ ಕೋಡು ಮೈಸೂರಿಗೂ ವ್ಯಾಪಿಸಿತು. 1956ರ ನವೆಂಬರ್ 1ರಂದು ಎರಡು ದಡಗಳೂ ಒಂದೇ ರಾಜ್ಯವಾದುವು. ಆದರೂ ಹಳೆಯ ಡಿಕ್ರಿಗಳ ದೋಷವು ತಾನಾಗಿ ತೊಳೆದುಹೋಗಲಿಲ್ಲ. ಗ್ವಾಲಿಯರಿನಲ್ಲಿ 1948ರಲ್ಲಿ ಆದ ಏಕಪಕ್ಷೀಯ ಡಿಕ್ರಿಯೊಂದನ್ನು ಅಲಹಾಬಾದಿನಲ್ಲಿ ಅಮಲುಮಾಡಲಾಗದೆಂದು ಸುಪ್ರೀಂ ಕೋರ್ಟು 1962ರಲ್ಲಿ ತೀರ್ಮಾನಿಸಿತು. ಇಂದು ಹೊಳೆಯ ಈಚೆಗೆ ದಾವಣಗೆರೆ ಜಿಲ್ಲೆ, ಆಚೆಗೆ ಹಾವೇರಿ ಜಿಲ್ಲೆ. ಎರಡೂ 1997ರಲ್ಲಿ ಆದುವು. ಹೈಕೋರ್ಟಿನ ಧಾರವಾಡ ಪೀಠವು 2008ರಲ್ಲಿ ಆರಂಭವಾದಂದಿನಿಂದ ಹಾವೇರಿಯವರು ಹೈಕೋರ್ಟಿನ ಕೆಲಸಕ್ಕೆ ಅಲ್ಲಿಗೂ, ದಾವಣಗೆರೆಯವರು ಬೆಂಗಳೂರಿಗೂ ಹೋಗುತ್ತಾರೆ. ಹಳೆಯ ಗಡಿಯ ಗೆರೆಯು ಹೀಗೆ ಇನ್ನೊಂದು ರೂಪದಲ್ಲಿ ಉಳಿದಿದೆ. ಆದರೆ ಡಿಕ್ರಿಯನ್ನು ತಡೆಯುವ ಶಕ್ತಿ ಅದಕ್ಕಿಲ್ಲ.

ಇನ್ನು ಪ್ರಶ್ನೆಗಳಿಗೆ ಬರೋಣ. ಜಮೀನು ಮನೆಗಳ ದಾವೆಯನ್ನು ಆಸ್ತಿಯಿರುವ ಎಲ್ಲೆಯ ಕೋರ್ಟಿನಲ್ಲಿ ಹೂಡಬೇಕು. ಹಣದ ದಾವೆಯನ್ನು ಪ್ರತಿವಾದಿಯು ವಾಸಿಸುವಲ್ಲಿ, ಇಲ್ಲವೆ ವ್ಯವಹಾರವು ನಡೆದಲ್ಲಿ ಹೂಡಬಹುದು. ದಾವಣಗೆರೆಯಲ್ಲಿ ಕೊಟ್ಟ ಸಾಲಕ್ಕೆ ದಾವಣಗೆರೆಯಲ್ಲಿಯೇ ಡಿಕ್ರಿ ಪಡೆದು, ಅದನ್ನು ಅಮಲ್ಜಾರಿಗಾಗಿ ರಾಣೆಬೆನ್ನೂರಿನ ಕೋರ್ಟಿಗೆ ಕಳುಹಿಸಿಕೊಳ್ಳಬಹುದು. ಅಮಲ್ಜಾರಿಗೆ ಸಾಮಾನ್ಯವಾಗಿ 12 ವರ್ಷಗಳ ಅವಧಿಯುಂಟು. ಆದರೆ ಸಾಲದ ದಾವೆಗೆ ಇರುವ ಕಾಲಮಿತಿ 3 ವರ್ಷ ಮಾತ್ರ. ಸಾಲಗಾರನು ಇಂದು ಕೊಡುತ್ತೇನೆ ನಾಳೆ ಕೊಡುತ್ತೇನೆ ಎಂದು ಬಾಯಲ್ಲಿ ಹೇಳುತ್ತ ಹೋದರೆ ಆ ಅವಧಿಯು ಬೆಳೆಯುವುದಿಲ್ಲ. ಅವಧಿಯೊಳಗೆ ಅವನು ಬರೆದು ರುಜುಮಾಡಿದ ಒಪ್ಪಿಗೆ ಬೇಕು.

ಸಮನ್ಸನ್ನು ತೆಗೆದುಕೊಳ್ಳದಿದ್ದರೆ ದಾವೆಯು ನಿಲ್ಲುವುದೆಂಬ ನಂಬಿಕೆ ಅನೇಕರಲ್ಲಿದೆ. ಇದು ಬಹಳ ಅಪಾಯಕರವಾದುದು. ನಿರಾಕರಿಸಿದರೆ ಬಾಗಿಲಿಗೆ ಅಂಟಿಸುವರು. ಹಾಜರಾಗದಿದ್ದರೆ ಏಕಪಕ್ಷೀಯ ಡಿಕ್ರಿಯಾಗಬಹುದು. ಅಂದು ಹೊಳೆಯಾಚೆ ಸುಮ್ಮನೆ ಕುಳಿತವನಿಗೆ ರಕ್ಷಣೆಯಿತ್ತು, ಇಂದು ಇಲ್ಲ. ಸಮನ್ಸು ಮುಟ್ಟಿದ 30 ದಿನಗಳೊಳಗೆ ಜವಾಬನ್ನು ಸಲ್ಲಿಸಬೇಕು. 2002ರ ತಿದ್ದುಪಡಿಯು ಕಾರಣವಿದ್ದರೆ 90 ದಿನಗಳವರೆಗೆ ಅವಕಾಶವನ್ನು ಹೇಳುತ್ತದೆ.

ಬಡವನಿಗೂ ದಾರಿಯುಂಟು. ಕೋರ್ಟು ಫೀ ಕೊಡಲಾರದವನು ನಿರ್ಗತಿಕನಾಗಿ ದಾವೆ ಹೂಡಲು ಅನುಮತಿಯನ್ನು ಬೇಡಬಹುದು. 1995ರಲ್ಲಿ ಜಾರಿಗೆ ಬಂದ ಕಾನೂನು ಸೇವೆಗಳ ಶಾಸನದ ಪ್ರಕಾರ ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ವರಮಾನವನ್ನು ನೋಡದೆಯೇ ಉಚಿತ ವಕೀಲರು ದೊರೆಯುವರು. ತಾಲ್ಲೂಕಿನ ಕೋರ್ಟಿನಲ್ಲಿಯೇ ಅದರ ಸಮಿತಿಯಿದೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಫೀ ಮರಳಿ ಬರುತ್ತದೆ. ಆದರೆ ಅದರ ಮೇಲೆ ಅಪೀಲಿಲ್ಲ. ಆದುದರಿಂದ ರುಜು ಹಾಕುವ ಮೊದಲು ರಾಜಿಯ ಮಾತನ್ನು ಪೂರ್ತಿಯಾಗಿ ಓದಿಸಿ ಕೇಳಬೇಕು.

ಎರಡು ದಡಗಳ ನಡುವಣ ಡಿಕ್ರಿಗೆ ಹಾದಿಯಾಗಲು ಸೇತುವೆ ಕಟ್ಟಿದ ಮೇಲೆಯೂ 83 ವರ್ಷಗಳು ಬೇಕಾದುವು. ಆ ಹಾದಿಯಲ್ಲಿ ನಡೆಯುವವರು ಕಾಗದವನ್ನು ಜೋಪಾನವಾಗಿಟ್ಟು, ಗಡುವನ್ನು ಮರೆಯದೆ ಹೋದರೆ ಗೆದ್ದವನು ಗೆದ್ದವನಾಗಿಯೇ ಉಳಿಯುವನು.